ಕತ್ತರಿಸಿದ ರೆಕ್ಕೆಗೆ ಗರಿಯ ಕಸಿ: ಜಾತ್ರೆಯ ಗಿಳಿಗಳೊಡನೆ ಒಂಬತ್ತು ತಿಂಗಳು

ಬಾಗಲಕೋಟೆ ಜಿಲ್ಲೆಯಲ್ಲಿ ಪಶುವೈದ್ಯನಾಗಿ ಹದಿನೆಂಟು ವರ್ಷ ಕಳೆದಿರುವ ನಾನು ಗಿಳಿಗಳ ವಿಷಯದಲ್ಲಿ ಮೊದಲ ಪಾಠ ಕಲಿತದ್ದು ನನ್ನದೇ ತಪ್ಪಿನಿಂದ. 2019ರಲ್ಲಿ ಗಿಳಿಶಾಸ್ತ್ರ ಹೇಳುವವರೊಬ್ಬರಿಂದ ವಶಪಡಿಸಿಕೊಂಡ ಎರಡು ಗಿಳಿಗಳನ್ನು ಅರಣ್ಯ ಸಿಬ್ಬಂದಿ ತಂದು ತೋರಿಸಿದಾಗ, ಕಣ್ಣು, ಮೂಗಿನ ಹೊಳ್ಳೆ, ಹಿಕ್ಕೆ ಎಲ್ಲವನ್ನೂ ನೋಡಿ, ಆರೋಗ್ಯವಾಗಿವೆ ಎಂದು ಬರೆದುಕೊಟ್ಟೆ. ಅಂದು ಸಂಜೆಯೇ ಮಲಪ್ರಭೆಯ ದಂಡೆಯ ಒಂದು ಬೇವಿನ ಮರದ ಕೆಳಗೆ ಪಂಜರದ ಬಾಗಿಲು ತೆರೆದೆವು. ಒಂದು ಗಿಳಿ ಹತ್ತು ಅಡಿ ಹೋಗಿ, ಬಲಕ್ಕೆ ವಾಲುತ್ತ ಸುತ್ತಿ ನೆಲಕ್ಕೆ ಬಿದ್ದಿತು. ನಾವು ಓಡಿ ತಲುಪುವಷ್ಟರಲ್ಲಿ ನಾಯಿಯೊಂದು ಅದನ್ನು ಕಚ್ಚಿಕೊಂಡು ಹೋಗಿತ್ತು. ಇನ್ನೊಂದು ಪಂಜರದಿಂದ ಹೊರಗೆ ಬರಲೇ ಇಲ್ಲ. ಆ ರಾತ್ರಿ ಉಳಿದ ಗಿಳಿಯನ್ನು ಮೇಜಿನ ಮೇಲಿಟ್ಟು ರೆಕ್ಕೆಯನ್ನು ಪೂರ್ತಿ ಬಿಡಿಸಿ ನೋಡಿದಾಗ, ಹೊರಗಿನ ಹತ್ತು ಹಾರುಗರಿಗಳಲ್ಲಿ ಏಳನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿದ್ದು ಕಂಡಿತು. ಮಡಚಿದ ರೆಕ್ಕೆಯಲ್ಲಿ ಅದು ಒಂದಿಷ್ಟೂ ಕಾಣುತ್ತಿರಲಿಲ್ಲ.

ನಾನು ಬಾಲಕನಿದ್ದಾಗ ಹುನಗುಂದದ ನಮ್ಮ ಓಣಿಗೆ ಕರಡಿ ಆಡಿಸುವವರು ಬರುತ್ತಿದ್ದರು. ಮಕ್ಕಳ ಅಂಜಿಕೆ ಹೋಗಲೆಂದು ತಾಯಂದಿರು ಅವರನ್ನು ಕರಡಿಯ ಬೆನ್ನ ಮೇಲೆ ಕೂರಿಸುತ್ತಿದ್ದರು, ಅದರ ಕೂದಲನ್ನು ತಾಯಿತದಲ್ಲಿ ಹಾಕಿಸಿ ಕಟ್ಟುತ್ತಿದ್ದರು. ನನ್ನ ಕೊರಳಲ್ಲೂ ಅಂಥದೊಂದು ಇತ್ತು. ಕರಡಿಯ ಮೂತಿಗೆ ತೂತು ಕೊರೆದು ಪೋಣಿಸಿದ ಹಗ್ಗ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಕರಡಿ, ಮಂಗ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನದ ಪ್ರಾಣಿಗಳಾಗಿ ಬಳಸಬಾರದೆಂದು ಕೇಂದ್ರ ಸರ್ಕಾರ 1998ರ ಅಕ್ಟೋಬರದಲ್ಲಿ ಅಧಿಸೂಚನೆ ಹೊರಡಿಸಿತು. ಕಾಲಕ್ರಮೇಣ ಕರಡಿ ಆಡಿಸುವವರು ಬೀದಿಯಿಂದ ಮರೆಯಾದರು. ಆ ಐದು ಪ್ರಾಣಿಗಳ ಪಟ್ಟಿಯಲ್ಲಿ ಗಿಳಿ ಇರಲಿಲ್ಲ. ಆದರೆ ನಮ್ಮ ದೇಶದ ಕಾಡುಗಿಳಿಯನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. 2022ರ ತಿದ್ದುಪಡಿಯ ನಂತರ ಅದು ಎರಡನೆಯ ಅನುಸೂಚಿಯಲ್ಲಿದೆ. ಮೂರು ವರ್ಷದವರೆಗೆ ಸೆರೆವಾಸ, ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಇಷ್ಟಾದರೂ ಜಾತ್ರೆಗಳಲ್ಲಿ ಗಿಳಿಯ ಪಂಜರ ಕಂಡು ಯಾರೂ ಹುಬ್ಬೇರಿಸುವುದಿಲ್ಲ. ಕರಡಿಯ ಮೂಗಿನ ಗಾಯ ಕಂಡಂತೆ ಗಿಳಿಯ ಗಾಯ ಕಾಣುವುದಿಲ್ಲ ಎಂಬುದೇ ಅದಕ್ಕೆ ಕಾರಣವೆಂದು ನಾನು ತಿಳಿದಿದ್ದೇನೆ.

2024ರ ಜನವರಿ ಕೊನೆಗೆ, ಬನದ ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಿ, ಬೇರೆ ಬೇರೆ ಕಡೆ ವಶಪಡಿಸಿಕೊಂಡ ಹದಿನಾಲ್ಕು ಗಿಳಿಗಳು ಒಟ್ಟಿಗೆ ಬಂದವು. ಹನ್ನೊಂದು ಕೊರಳಲ್ಲಿ ಗುಲಾಬಿ ಉಂಗುರವಿರುವ ಸಾಮಾನ್ಯ ಜಾತಿಯವು, ಮೂರು ಕೆಂದಲೆ ಗಿಳಿಗಳು. ಅವುಗಳ ಮಾಲೀಕರಲ್ಲಿ ಒಬ್ಬ ಮುದುಕ ಆಸ್ಪತ್ರೆಯ ಬಾಗಿಲಿನವರೆಗೂ ಬಂದಿದ್ದ. "ಸಾಹೇಬ್ರ, ನನ್ನ ಮಗಳಿದ್ದಂಗ ಐತ್ರಿ ಅದು. ರೆಕ್ಕಿ ಕತ್ತರಿಸೀನಿ ಖರೆ, ಒಂದು ದಿನಾನೂ ಉಪಾಸ ಕೆಡವಿಲ್ರಿ" ಎಂದ. ಅವನು ಸುಳ್ಳು ಹೇಳಲಿಲ್ಲ. ಅವನ ಗಿಳಿ ಚುರುಮುರಿ, ಅನ್ನ, ಮೆಣಸಿನಕಾಯಿ, ಚಹಾದಲ್ಲಿ ಅದ್ದಿದ ಬಿಸ್ಕೀಟು ಎಲ್ಲವನ್ನೂ ತಿಂದಿತ್ತು. ತೂಕ ಮಾತ್ರ 88 ಗ್ರಾಂ. ಗುಲಾಬಿ ಉಂಗುರದ ಆ ಜಾತಿಯ ಆರೋಗ್ಯವಂತ ಗಿಳಿ 110ರಿಂದ 130 ಗ್ರಾಂ ತೂಗಬೇಕು. ಬೆರಳಿನಿಂದ ಎದೆ ಸವರಿದರೆ ನಡುವಿನ ಮೂಳೆ ಚಾಕುವಿನ ಅಂಚಿನಂತೆ ತಾಗುತ್ತಿತ್ತು, ಏಕೆಂದರೆ ಹಾರದ ಹಕ್ಕಿಯ ಎದೆಯ ಸ್ನಾಯು ಕರಗಿಹೋಗುತ್ತದೆ. ಬಾಯೊಳಗೆ ಬಿಳಿಯ ಪದರಗಳಿದ್ದವು. ಅದು ‘ಎ’ ಜೀವಸತ್ವದ ಕೊರತೆಯ ಗುರುತು.

ಮೊದಲ 45 ದಿನ ಅವುಗಳನ್ನು ಪ್ರತ್ಯೇಕವಾಗಿ ಇಟ್ಟು ಡಾಕ್ಸಿಸೈಕ್ಲಿನ್ ಎಂಬ ಪ್ರತಿಜೀವಕ ಔಷಧಿ ಕೊಟ್ಟೆ. ಗಿಳಿಗಳಿಂದ ಮನುಷ್ಯರಿಗೆ ಹರಡಿ ನ್ಯುಮೋನಿಯಾ ತರುವ ಸಿಟಕೋಸಿಸ್ ಎಂಬ ರೋಗವೊಂದಿದೆ. ಒಣಗಿದ ಹಿಕ್ಕೆಯ ಧೂಳೇ ಅದಕ್ಕೆ ಸಾಕು, ಆದ್ದರಿಂದ ನೆಲವನ್ನು ಒದ್ದೆ ಮಾಡದೆ ಕಸ ಗುಡಿಸಬಾರದೆಂದು ಸಹಾಯಕನಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ. ಈ ಅವಧಿಯಲ್ಲಿ ಎರಡು ಗಿಳಿಗಳು ಸತ್ತವು. ಎರಡರ ಯಕೃತ್ತೂ ಕೊಬ್ಬು ತುಂಬಿ ಹಳದಿಯಾಗಿತ್ತು.

ಆಹಾರ ಬದಲಿಸುವುದು ಔಷಧಿ ಕುಡಿಸುವುದಕ್ಕಿಂತ ಕಷ್ಟದ ಕೆಲಸವಾಯಿತು. ಗಿಳಿಗೆ ತಾನು ಕಾಣದ ವಸ್ತು ಆಹಾರವೇ ಅಲ್ಲ. ಜೋಳದ ತೆನೆಯನ್ನು ಇಡಿಯಾಗಿ ಕಟ್ಟಿದರೆ ಹೆದರಿ ಪಂಜರದ ಮೂಲೆ ಸೇರಿದವು; ಬಿಡಿ ಕಾಳು ಹಾಕಿದರೆ ತಿಂದವು. ಹೀಗಾಗಿ ಮೊದಲು ಕಾಳು, ಆಮೇಲೆ ತಟ್ಟೆಯಲ್ಲಿ ತೆನೆಯ ಚೂರು, ಆಮೇಲೆ ಕೊಂಬೆಗೆ ಕಟ್ಟಿದ ತೆನೆ, ಕೊನೆಗೆ ಕುಂಡದಲ್ಲಿ ನಿಂತ ದಂಟಿನ ಮೇಲಿನ ತೆನೆ ಎಂದು ಐದು ವಾರ ಹಿಡಿಯಿತು. ಗಜ್ಜರಿ ಮತ್ತು ನುಗ್ಗೆಸೊಪ್ಪು ಬಾಯಿಯ ಬಿಳಿ ಪದರಗಳನ್ನು ವಾಸಿ ಮಾಡಿದವು. ಪೇರಲ ಹಣ್ಣನ್ನು ಯಾರೂ ಕಲಿಸಬೇಕಾಗಲಿಲ್ಲ.

ಇನ್ನು ರೆಕ್ಕೆಯ ವಿಷಯ. ಕತ್ತರಿಸಿದ ಗರಿ ಉಗುರಿನಂತೆ ಬುಡದಿಂದ ಬೆಳೆಯುವುದಿಲ್ಲ. ಅದರ ಮೋಟು ಉದುರಿದ ನಂತರವೇ ಹೊಸದು ಬರಬೇಕು, ಅದು ವರ್ಷಕ್ಕೊಮ್ಮೆ ಮಾತ್ರ. ಮೋಟನ್ನು ಕಿತ್ತರೆ ಬೇಗ ಬರುತ್ತದಲ್ಲ ಎಂದು ಕೆಲವರು ಸಲಹೆ ಕೊಟ್ಟರು. ಅದು ಹಕ್ಕಿಗೆ ಬಹಳ ನೋವಿನ ಕೆಲಸ, ಗರಿಯ ಬೇರು ಹಾಳಾದರೆ ಆ ಜಾಗದಲ್ಲಿ ಮುಂದೆ ಗರಿಯೇ ಬಾರದಿರಬಹುದು. ಕಾಯುತ್ತ ಕೂತರೂ ತೊಂದರೆಯಿದೆ. ಹೊಸದಾಗಿ ಚಿಗುರುವ ಎಳೆಗರಿಯೊಳಗೆ ರಕ್ತ ಹರಿಯುತ್ತಿರುತ್ತದೆ. ಅಕ್ಕಪಕ್ಕದ ಪೂರ್ಣ ಗರಿಗಳ ಆಸರೆಯಿಲ್ಲದೆ ಒಂಟಿಯಾಗಿ ಹೊರಚಾಚಿದ ಎಳೆಗರಿ ಸಣ್ಣ ಪೆಟ್ಟಿಗೂ ಮುರಿದು ರಕ್ತ ಸೋರುತ್ತದೆ. ಆದ್ದರಿಂದ ನಾನು ಬೇಟೆಗಿಡುಗ ಸಾಕುವವರು ಬಹು ಹಿಂದಿನಿಂದ ಮಾಡುತ್ತ ಬಂದ ‘ಇಂಪಿಂಗ್’ ಎಂಬ ವಿಧಾನವನ್ನು ಆರಿಸಿಕೊಂಡೆ. ದಾಳಿಂಬೆ, ಮಾವಿನ ಕಸಿ ನೋಡಿದ ನಮ್ಮ ಕಡೆಯವರಿಗೆ ಇದನ್ನು ಗರಿ ಕಸಿ ಎಂದರೆ ತಟ್ಟನೆ ತಿಳಿಯುತ್ತದೆ.

ಕಸಿಗೆ ಬೇಕಾದ ಗರಿಗಳನ್ನು ಇಲಾಖೆಯ ಒಪ್ಪಿಗೆ ಪಡೆದು, ಗಿಳಿಗಳು ರಾತ್ರಿ ತಂಗುವ ಮರಗಳ ಕೆಳಗಿನಿಂದಲೂ ರಸ್ತೆಯಲ್ಲಿ ಸತ್ತ ಗಿಳಿಗಳಿಂದಲೂ ಸಂಗ್ರಹಿಸಿದ್ದೆ. ಎಡ ರೆಕ್ಕೆಯ ನಾಲ್ಕನೆಯ ಗರಿಯ ಜಾಗಕ್ಕೆ ಎಡ ರೆಕ್ಕೆಯ ನಾಲ್ಕನೆಯ ಗರಿಯೇ ಆಗಬೇಕು, ಇಲ್ಲವಾದರೆ ಅಂಚು ಹೊಂದುವುದಿಲ್ಲ. ಗರಿಯ ದಂಟು ಬುಡದಲ್ಲಿ ಟೊಳ್ಳು. ಬಿದಿರಿನ ಸಣ್ಣ ಕಡ್ಡಿಯನ್ನು ಬ್ಲೇಡಿನಿಂದ ಕೆತ್ತಿ, ಅರ್ಧ ಭಾಗವನ್ನು ಹೊಸ ಗರಿಯ ದಂಟಿನಲ್ಲಿ ಅಂಟಿಸಿ ಒಣಗಿಸಿದೆ. ಆಮೇಲೆ ಇನ್ನರ್ಧವನ್ನು ಗಿಳಿಯ ರೆಕ್ಕೆಯಲ್ಲಿ ಉಳಿದ ಮೋಟಿನೊಳಗೆ ಒಂದು ಹನಿ ಎಪಾಕ್ಸಿ ಹಚ್ಚಿ ಕೂರಿಸಿದೆ. ಅಂಟು ಪಕ್ಕದ ಗರಿಗೆ ತಾಗದಂತೆ ಪ್ರತಿ ಗರಿಯ ಕೆಳಗೂ ಹಳೆಯ ಕ್ಯಾಲೆಂಡರಿನ ನುಣುಪು ಕಾಗದದ ತುಂಡು ಇಡುತ್ತಿದ್ದೆ. ಬಲಿತ ಗರಿಯ ದಂಟಿನಲ್ಲಿ ನರವಿಲ್ಲದ ಕಾರಣ ಹಕ್ಕಿಗೆ ನೋವಾಗುವುದಿಲ್ಲ, ಆದರೆ ಹಿಡಿದವನ ಕೈ ಬಹಳ ಎಚ್ಚರದಲ್ಲಿರಬೇಕು: ಹಕ್ಕಿಗೆ ನಮ್ಮಂತೆ ಎದೆ ಮತ್ತು ಹೊಟ್ಟೆಯ ನಡುವೆ ಉಸಿರಾಟಕ್ಕೆ ನೆರವಾಗುವ ವಪೆಯಿಲ್ಲ, ಎದೆಗೂಡನ್ನು ಮುಂದೆ ಹಿಂದೆ ಆಡಿಸಿಯೇ ಅದು ಉಸಿರಾಡುತ್ತದೆ, ಆದ್ದರಿಂದ ಗಾಬರಿಯಲ್ಲಿ ಎದೆಯನ್ನು ಬಿಗಿಯಾಗಿ ಒತ್ತಿದರೆ ಕೈಯಲ್ಲಿಯೇ ಉಸಿರುಕಟ್ಟಿ ಸಾಯುತ್ತದೆ. ನನ್ನ ಸಹಾಯಕ ಟವೆಲಿನಲ್ಲಿ ಸುತ್ತಿ ಕುತ್ತಿಗೆಯನ್ನು ಎರಡು ಬೆರಳಿನಿಂದ ಹಿಡಿಯುತ್ತಿದ್ದ. ಒಂದು ಗಿಳಿಗೆ ಐದಾರು ಗರಿ ಕೂರಿಸಲು ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಇಪ್ಪತ್ತು ನಿಮಿಷಕ್ಕೊಮ್ಮೆ ಬಿಟ್ಟು ವಿಶ್ರಾಂತಿ ಕೊಡುತ್ತಿದ್ದೆವು. ಕೆಂದಲೆ ಗಿಳಿಗಳಿಗೆ ಹೊಂದುವ ಗರಿ ನಮ್ಮಲ್ಲಿರಲಿಲ್ಲ. ಅವು ಕಾಯಲೇಬೇಕಾಯಿತು. ಜುಲೈನಲ್ಲಿ ಅವುಗಳಲ್ಲೊಂದರ ಎಳೆಗರಿ ಮುರಿದು, ಮೆಕ್ಕೆಜೋಳದ ಹಿಟ್ಟು ಒತ್ತಿ ಹಿಡಿದು ರಕ್ತ ನಿಲ್ಲಿಸಿದೆವು.

ಹಾರಾಟದ ಅಭ್ಯಾಸಕ್ಕೆ ಅರಣ್ಯ ಇಲಾಖೆಯ ನರ್ಸರಿಯೊಂದರಲ್ಲಿ ನಲವತ್ತು ಅಡಿ ಉದ್ದದ ಚಪ್ಪರ ಹಾಕಿದೆವು. ಖರ್ಚು ಉಳಿಸಲು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಕೊಟ್ಟ ಹಳೆಯ ನೈಲಾನ್ ಬಲೆ ಹೊದಿಸಿದ್ದೆ. ಎರಡೇ ದಿನದಲ್ಲಿ ಗಿಳಿಗಳು ಅದರಲ್ಲಿ ಮುಷ್ಟಿಯಗಲದ ತೂತು ಕೊರೆದವು. ಪುಣ್ಯಕ್ಕೆ ಹೊರಗೆ ಹೋಗುವಷ್ಟು ದಮ್ಮು ಯಾವುದಕ್ಕೂ ಇರಲಿಲ್ಲ. ಆಮೇಲೆ ತಂತಿ ಜಾಲರಿ ತರಿಸಿದೆ. ಹೊಸ ಜಾಲರಿಯ ಮೇಲಿನ ಸತುವಿನ ಪುಡಿಯನ್ನು ಗಿಳಿ ಕಚ್ಚಿ ನುಂಗಿದರೆ ವಿಷವಾಗುತ್ತದೆ. ಅದನ್ನು ವಿನೆಗರಿನಿಂದ ಉಜ್ಜಿ ತೊಳೆದು, ಕೆಲವು ದಿನ ಬಿಸಿಲಿಗೆ ಬಿಟ್ಟು ಆಮೇಲೆ ಕಟ್ಟಬೇಕು. ಮೊದಲ ವಾರ ಒಂದು ತುದಿಯಿಂದ ಇನ್ನೊಂದು ತುದಿಗೆ ಒಮ್ಮೆ ಹಾರಿದರೆ ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು. ಇಪ್ಪತ್ತು ಸಲ ಹಾರಿದ ಮೇಲೂ ಎರಡು ನಿಮಿಷದೊಳಗೆ ಉಸಿರು ಹದಕ್ಕೆ ಬರಬೇಕು ಎಂಬುದು ನಾನು ಇಟ್ಟುಕೊಂಡ ಅಳತೆ. ಅದನ್ನು ಮುಟ್ಟಲು ಹೆಚ್ಚಿನವಕ್ಕೆ ನಾಲ್ಕು ತಿಂಗಳು ಬೇಕಾಯಿತು. ಅಷ್ಟರಲ್ಲಿ ಮಳೆಗಾಲದ ಗರಿ ಉದುರುವ ಕಾಲ ಬಂದು, ರೆಕ್ಕೆಯ ನಡುವಿನಿಂದ ಮೊದಲಾಗಿ ಎರಡೂ ಬದಿಗೆ ಅವುಗಳ ಸ್ವಂತ ಗರಿಗಳೇ ಬರತೊಡಗಿದವು. ಕಸಿಯ ಗರಿಗಳು ಒಂದೊಂದಾಗಿ ನೆಲದ ಮೇಲೆ ಬಿದ್ದಿರುವುದನ್ನು ಬೆಳಿಗ್ಗೆ ಆರಿಸುತ್ತಿದ್ದೆ.

ಮನುಷ್ಯರ ಭಯ ಕಲಿಸುವುದು ನನ್ನ ಮನಸ್ಸಿಗೆ ಒಗ್ಗದ ಕೆಲಸವಾಗಿತ್ತು, ಆದರೂ ಮಾಡಿದೆ. ಚಪ್ಪರದ ಹತ್ತಿರ ಯಾರೂ ಮಾತನಾಡಕೂಡದು, ಆಹಾರವನ್ನು ಕತ್ತಲಲ್ಲೇ ಇಟ್ಟು ಬರಬೇಕು, ಹಗಲು ಯಾರಾದರೂ ಒಳಗೆ ಹೋದರೆ ತಗಡು ಬಡಿಯಬೇಕು ಎಂದು ನಿಯಮ ಮಾಡಿಕೊಂಡೆವು. ನಮ್ಮ ಹೊಲಗಳಲ್ಲಿ ಜೋಳ ಹಾಲುಗಾಳಿಗೆ ಬಂದಾಗ ಅಟ್ಟಣಿಗೆಯ ಮೇಲಿಂದ ಕವಣೆ ಬೀಸುವವರಿರುತ್ತಾರೆ; ಮನುಷ್ಯನ ದನಿ ಕೇಳಿ ಹತ್ತಿರ ಬರುವ ಗಿಳಿ ಅಲ್ಲಿ ಒಂದು ವಾರ ಬದುಕುವುದಿಲ್ಲ.

ವಶಪಡಿಸಿಕೊಂಡ ಪ್ರಾಣಿ ಮೊಕದ್ದಮೆಯ ಭಾಗವಾದ್ದರಿಂದ ನ್ಯಾಯಾಲಯದ ಅನುಮತಿ ಬರುವವರೆಗೆ ಕಾದು, ಅಕ್ಟೋಬರ್ ಕೊನೆಯ ಒಂದು ಬೆಳಿಗ್ಗೆ ಚಪ್ಪರದ ಮೇಲಿನ ಕಿಂಡಿ ತೆರೆದೆವು. ಹಿಡಿದು ಹಾರಿಸುವ, ಫೋಟೋ ತೆಗೆಯುವ ಗೋಜಿಗೆ ಹೋಗಲಿಲ್ಲ. ಕಿಂಡಿಯ ಹೊರಗಿನ ಹಲಗೆಯ ಮೇಲೆ ತೆನೆ ಇಡುವುದನ್ನು ಆರು ವಾರ ಮುಂದುವರಿಸಿದೆವು. ಮೊದಲ ದಿನ ಮೂರು, ವಾರದೊಳಗೆ ಎಂಟು ಗಿಳಿಗಳು ಹೊರಬಿದ್ದವು. ಸಂಜೆ ಮರಳಿ ಹಲಗೆಗೆ ಬರುವವುಗಳ ಸಂಖ್ಯೆ ದಿನೇ ದಿನೇ ಇಳಿದು, ಡಿಸೆಂಬರ್ ಹೊತ್ತಿಗೆ ಒಂದೂ ಬರಲಿಲ್ಲ. ಅವು ಹಿಂಡು ಸೇರಿದವೆಂದು ನಾನು ಪ್ರಮಾಣ ಮಾಡಿ ಹೇಳಲಾರೆ.

ನಾಲ್ಕು ಉಳಿದವು. ಒಂದರ ರೆಕ್ಕೆಯ ತುದಿಯ ಕೀಲು ಹಿಂದೆಂದೋ ಮುರಿದು ಬೆಸೆದುಕೊಂಡಿತ್ತು. ಮೂರು, ಕಣ್ಣು ತೆರೆಯುವ ಮೊದಲೇ ಪೊಟರೆಯಿಂದ ಕದ್ದು ತಂದು ಕೈಯಲ್ಲಿ ಬೆಳೆಸಿದವು. ತಗಡು ಬಡಿದಷ್ಟೂ ಅವು ಹೆಗಲಿಗೆ ಬಂದು ಕೂರುತ್ತಿದ್ದವು. ಮಕ್ಕಳಿಗೆ ತೋರಿಸಿ ಟಿಕೀಟು ಇಟ್ಟರೆ ಆಹಾರದ ಖರ್ಚು ಹೊರಡುತ್ತದೆ ಎಂದು ಹಿತೈಷಿಗಳೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ, ಇಲಾಖೆಯವರೂ ಒಪ್ಪಲಿಲ್ಲ.

ಅವುಗಳಲ್ಲಿ ಆ ಮುದುಕನ ಗಿಳಿಯೂ ಒಂದು. ಈಗ 117 ಗ್ರಾಂ ಇದೆ, ನಲವತ್ತು ಅಡಿಯನ್ನು ಲೀಲಾಜಾಲವಾಗಿ ಹಾರುತ್ತದೆ. ನಾನು ತೂಕ ಬರೆದುಕೊಳ್ಳಲು ಚೀಟಿಗಳ ಕಟ್ಟು ತೆಗೆದರೆ ಸಾಕು, ಇಳಿದು ಬಂದು, ಕಟ್ಟಿನ ಮೇಲೆ ಮೂರು ಸಲ ಅತ್ತಿತ್ತ ನಡೆದು, ಒಂದು ಚೀಟಿಯನ್ನು ಕೊಕ್ಕಿನಿಂದ ಎಳೆದು ನನ್ನ ಮುಂದಿಟ್ಟು, ಕಾಳಿಗಾಗಿ ತಲೆ ಓರೆ ಮಾಡಿ ನಿಲ್ಲುತ್ತದೆ. ಕಾಳು ಕೊಡುವುದನ್ನು ನಿಲ್ಲಿಸಿ ಬಹಳ ದಿನವಾಯಿತು. ನಾನು ಈಚೆಗೆ ತೂಕವನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡು ಹೊರಗೆ ಬಂದ ಮೇಲೆ ಚೀಟಿಗೆ ಇಳಿಸುತ್ತೇನೆ.