ಊರ ಹೆಸರು ಬಿಟ್ಟು ಅಂಕಿ ಹಿಡಿದೆ: ಕಾರಿಗೆ ಜಿಪಿಎಸ್ ಆರಿಸಿಕೊಂಡ ನನ್ನ ಅನುಭವ

ಗದ್ದೆಯಲ್ಲಿ ಕೆಟ್ಟು ನಿಂತ ಭತ್ತ ಕಟಾವು ಯಂತ್ರಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಮನೆ ಗಂಗಾವತಿಯಲ್ಲಿದೆ, ಓಡಾಟವೆಲ್ಲ ಕಾರಟಗಿ, ಸಿಂಧನೂರು, ಮಾನ್ವಿ ಕಡೆಗೆ. ಸುಗ್ಗಿಯಲ್ಲಿ ಕರೆ ಬರುವುದು ಹೆಚ್ಚಾಗಿ ರಾತ್ರಿ. ಯಂತ್ರದ ಚಾಲಕ ಹೊರರಾಜ್ಯದವನಾದರೆ ತಾನು ನಿಂತಿರುವ ಊರು ಯಾವುದೆಂದೇ ಅವನಿಗೆ ತಿಳಿದಿರುವುದಿಲ್ಲ. ತಿಳಿದಿದ್ದರೂ ಸಾಲದು. ತುಂಗಭದ್ರಾ ಎಡದಂಡೆ ಕಾಲುವೆಯ ಸುತ್ತಮುತ್ತ ಎಲ್ಲಿ ನೋಡಿದರೂ ಕ್ಯಾಂಪುಗಳು, ಅಂದರೆ ವಲಸೆ ಬಂದ ರೈತರು ನೆಲೆಸಿದ ಸಣ್ಣ ಊರುಗಳು. ವೆಂಕಟೇಶ್ವರ ಕ್ಯಾಂಪ್ ಎಂದರೆ ಯಾವ ತಾಲ್ಲೂಕಿನದು ಎಂದು ಮತ್ತೆ ಕೇಳಬೇಕು. ರೈತರು ಉಪಕಾಲುವೆಯ ನಂಬರು, ತೂಬು, ‘69ನೇ ಮೈಲಿನ ಕೆಳಗೆ’ ಎಂದು ಗುರುತು ಹೇಳುತ್ತಾರೆ. ಬಲ್ಲವರಿಗೆ ಅದಕ್ಕಿಂತ ಖಚಿತವಾದ ವಿಳಾಸ ಬೇರೆ ಇಲ್ಲ. ಆದರೆ ಮೊಬೈಲ್ ನಕ್ಷೆಯಲ್ಲಿ ಅದನ್ನು ಹುಡುಕಿದರೆ ಏನೂ ಸಿಗುವುದಿಲ್ಲ.

ಹೀಗಾಗಿ ಕಾರಿಗೆ ಜಿಪಿಎಸ್ ಕೊಳ್ಳುವಾಗ ನಾನು ನೋಡಿದ್ದು ಎರಡೇ ವಿಷಯ. ಇಂಟರ್ನೆಟ್ ಇಲ್ಲದೆ ನಕ್ಷೆ ತೆರೆಯಬೇಕು. ಅಕ್ಷಾಂಶ, ರೇಖಾಂಶ ಕೊಟ್ಟರೆ ಅಲ್ಲಿಗೆ ಕರೆದೊಯ್ದು, ಆ ಜಾಗವನ್ನು ನಾನು ಇಟ್ಟ ಹೆಸರಿನಲ್ಲಿ ಉಳಿಸಿಕೊಳ್ಳಬೇಕು. ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ನಡೆಯುವುದಿಲ್ಲ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಸಂಕೇತ ಕಳಿಸುತ್ತಲೇ ಇರುತ್ತವೆ, ನಮ್ಮ ಉಪಕರಣ ಬರೀ ಕೇಳಿಸಿಕೊಳ್ಳುತ್ತದೆ. ನಾಲ್ಕು ಉಪಗ್ರಹ ಸಿಕ್ಕರೆ ನಿಂತ ಜಾಗ ತಿಳಿಯುತ್ತದೆ. ಡೇಟಾ ಬೇಕಾಗುವುದು ನಕ್ಷೆ ಇಳಿಸಿಕೊಳ್ಳಲು ಮಾತ್ರ.

ಮೊದಲು ಕೊಂಡದ್ದು ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್ ಎಂಬ, ಕೈಯಲ್ಲಿ ಹಿಡಿಯುವ ಜಿಪಿಎಸ್. ಎರಡು ಪೆನ್ಸಿಲ್ ಸೆಲ್ ಹಾಕಿದರೆ 25 ಗಂಟೆ ನಡೆಯುತ್ತದೆ. ಸೆಲ್ ಯಾವ ಹಳ್ಳಿಯ ಕಿರಾಣಿ ಅಂಗಡಿಯಲ್ಲಾದರೂ ಸಿಗುತ್ತದೆ. ಗ್ರೀಸ್ ಮೆತ್ತಿದ ಕೈಯಿಂದ ಟಚ್ ಪರದೆ ಮುಟ್ಟಿ ನೋಡಿದವರಿಗೆ ಇದರ ಗುಂಡಿಗಳ ಬೆಲೆ ಗೊತ್ತಾಗುತ್ತದೆ. ಆದರೆ ಕಾರು ಓಡಿಸುವಾಗ 2.2 ಇಂಚಿನ ಪರದೆ ನೋಡುವುದು ಅಪಾಯ, ದಾರಿಯನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ರಸ್ತೆ ನಕ್ಷೆ ಹಾಕಿಕೊಳ್ಳದಿದ್ದರೆ ನೇರ ದಿಕ್ಕನ್ನಷ್ಟೇ ತೋರಿಸುತ್ತದೆ. ಒಮ್ಮೆ ಕಂಪ್ಲಿ ಕಡೆಯ ಗದ್ದೆಗೆ ಹೊರಟಾಗ ಗುರಿ ಎದುರಿಗೇ ಇದೆ ಎಂದು ಬಾಣ ತೋರಿಸಿತು. ನಡುವೆ ಹೊಳೆ ಇತ್ತು. ಜಲಾಶಯದಿಂದ ನೀರು ಹೆಚ್ಚು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುತ್ತದೆ. ಆಗ ಸುತ್ತಿ ಹೋಗುವ ದಾರಿ ಯಾವುದೆಂದು ಬಾಣಕ್ಕೇನು ತಿಳಿದೀತು?

ಆದ್ದರಿಂದ ಕಾರಿನೊಳಗಿನ ಕೆಲಸವನ್ನು ಹಳೆಯ ಮೊಬೈಲಿಗೆ ಒಪ್ಪಿಸಿದೆ. ಅದರಲ್ಲಿ ಸಿಮ್ ಇಲ್ಲ. ಇಂಟರ್ನೆಟ್ ಇಲ್ಲದೆ ನಡೆಯುವ ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ನಕ್ಷೆ ಆ್ಯಪ್ ಹಾಕಿ ಕರ್ನಾಟಕದ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡೆ. ಶುರುವಿನಲ್ಲಿ ಗಾಜಿನ ಕೆಳಗೆ ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿದ್ದೆ, ಏಪ್ರಿಲ್ ಬಿಸಿಲಿಗೆ ಕಾದು ಎರಡು ಸಲ ತಾನಾಗಿ ಆರಿಹೋಯಿತು. ಈಗ ಎಸಿ ಗಾಳಿ ಬರುವ ಕಿಂಡಿಗೆ ಸಿಕ್ಕಿಸುವ ಹೋಲ್ಡರ್ ಬಳಸುತ್ತೇನೆ. ಆ ತೊಂದರೆ ಮತ್ತೆ ಬಂದಿಲ್ಲ.

ನನಗೆ ನಿಜವಾದ ಪಾಠ ಕಲಿಸಿದ್ದು ಒಂದು ನವೆಂಬರ್ ರಾತ್ರಿ. ಲೊಕೇಶನ್ ಕಳಿಸುವಷ್ಟು ನೆಟ್‌ವರ್ಕ್ ಇಲ್ಲದೆ ರೈತರೊಬ್ಬರು ತಮ್ಮ ಫೋನಿನಲ್ಲಿ ಕಂಡ ಅಂಕಿಗಳನ್ನು ಓದಿ ಹೇಳಿದರು: 15, 43.20, 76, 48.60. ನಾನು 15.4320, 76.4860 ಎಂದು ಒತ್ತಿದೆ. ಜಾಗ ಗಂಗಾವತಿಯಿಂದ ನಾಲ್ಕೈದು ಕಿಲೋಮೀಟರ್ ಪಶ್ಚಿಮಕ್ಕೆ ತೋರಿಸಿತು. ಹತ್ತಿರವೇ ಇದೆಯೆಂದು ಹೊರಟೆ. ಅಲ್ಲಿ ಯಂತ್ರವೂ ಇಲ್ಲ, ದೀಪವೂ ಇಲ್ಲ. ಫೋನ್ ಮಾಡಿದರೆ, ‘ಅಣ್ಣಾ, ನಾವಿರುವುದು ಸಿಂಧನೂರಿನ ಹತ್ತಿರ’ ಎಂದರು.

ಅವರು ಓದಿದ್ದು ಡಿಗ್ರಿ ಮತ್ತು ಮಿನಿಟು, ನಾನು ಒತ್ತಿದ್ದು ದಶಮಾಂಶ ಡಿಗ್ರಿ. ಒಂದು ಡಿಗ್ರಿಗೆ 60 ಮಿನಿಟು, 43.20 ಅನ್ನು 60ರಿಂದ ಭಾಗಿಸಿದರೆ 0.72. ಅಂದರೆ ಜಾಗ 15.72, 76.81. ನಾನು ಹೋಗಿ ನಿಂತಲ್ಲಿಂದ ನೇರ ಗೆರೆ ಎಳೆದರೂ ಸುಮಾರು 47 ಕಿಲೋಮೀಟರ್. ನಾನು ತಲುಪುವ ಹೊತ್ತಿಗೆ ಇಬ್ಬನಿ ಇಳಿದು ಪೈರು ನೆನೆದಿತ್ತು. ಬಿಸಿಲೇರುವ ತನಕ ಕಟಾವು ನಿಂತಿತು. ಯಂತ್ರಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡುವ ಮನೆಗೆ ಅದು ಸಣ್ಣ ನಷ್ಟವಲ್ಲ. ಆ ದಿನದ ಮಜೂರಿ ನಾನು ತೆಗೆದುಕೊಳ್ಳಲಿಲ್ಲ.

ಮಾರನೆಯ ದಿನವೇ ಎರಡೂ ಉಪಕರಣಗಳನ್ನು ದಶಮಾಂಶ ಡಿಗ್ರಿಗೆ ಹೊಂದಿಸಿದೆ. ಈಗ ಮೊಬೈಲ್ ನನ್ನನ್ನು ಕಾಲುವೆ ಏರಿಯವರೆಗೆ ತಲುಪಿಸುತ್ತದೆ. ಅಲ್ಲಿಂದ ಬದುವಿನ ಮೇಲೆ ನಡೆಯುವಾಗ ಇಟ್ರೆಕ್ಸ್ ಕೈಯಲ್ಲಿರುತ್ತದೆ. ಇದರಲ್ಲಿ ಎಲೆಕ್ಟ್ರಾನಿಕ್ ದಿಕ್ಸೂಚಿ ಇಲ್ಲ, ನಿಂತಲ್ಲೇ ಬಾಣ ನಂಬಬಾರದು; ಹತ್ತು ಹೆಜ್ಜೆ ನಡೆದರೆ ಸರಿಹೋಗುತ್ತದೆ. ಕೆಲಸ ಮುಗಿದ ಮೇಲೆ ಜಾಗವನ್ನು ರೈತರ ಹೆಸರು, ಉಪಕಾಲುವೆ ನಂಬರು ಸೇರಿಸಿ ಉಳಿಸುತ್ತೇನೆ. ಯಾರಾದರೂ ಅಂಕಿ ಓದಿದರೆ ಮೊದಲು ಕೇಳುವುದು ಒಂದೇ: ‘ಚುಕ್ಕೆ ಎಲ್ಲಿದೆ ಯಜಮಾನರೇ, ಹದಿನೈದರ ಪಕ್ಕದಲ್ಲೋ, ನಲವತ್ತಮೂರರ ಪಕ್ಕದಲ್ಲೋ?’