ಕುಡಿತ ಬಿಡುವವರ ಮೀಟಿಂಗಿಗೆ ಮೊದಲ ಸಲ ಹೋಗುವಾಗ

ನಮ್ಮ ಗ್ರೂಪಿನಲ್ಲಿ ಬಾಗಿಲ ಹತ್ತಿರ ನಿಂತು ಹೊಸಬರನ್ನು ಮಾತಾಡಿಸುವ ಕೆಲಸ ನನ್ನದು. ನಾನೂ ಕುಡಿತ ಬಿಟ್ಟವನೇ. ಕೆಲವರು ಮೆಟ್ಟಿಲ ತನಕ ಬಂದು ವಾಪಸ್ ಹೋಗಿಬಿಡುತ್ತಾರೆ. ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿಲ್ಲದೇ ಇರುವುದೇ ಅವರಿಗೆ ದೊಡ್ಡ ಭಯ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಡಾಕ್ಟರ್. ದಿನಾ ಜಾಸ್ತಿ ಕುಡಿಯುವವರು ದಿಢೀರಂತ ನಿಲ್ಲಿಸಿದರೆ ಅಪಾಯವಿದೆ. ಕೈ ನಡುಕ, ಬೆವರು, ನಿದ್ದೆ ಬಾರದಿರುವುದು ಕೆಲವೇ ಗಂಟೆಗಳಲ್ಲಿ ಶುರುವಾಗಬಹುದು. ಕೆಲವರಿಗೆ ಮೊದಲ 48 ಗಂಟೆಯೊಳಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣಿಸುವುದು, ಏನೇನೋ ಮಾತಾಡುವುದು ಶುರುವಾದರೆ ಜೀವಕ್ಕೇ ಕುತ್ತು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮೀಟಿಂಗ್ ಈ ಚಿಕಿತ್ಸೆಗೆ ಬದಲಿ ಅಲ್ಲ. ಗ್ರೂಪಿನಲ್ಲಿ ಯಾರಾದರೂ ‘ಡಾಕ್ಟರ್ ಕೊಟ್ಟ ಮಾತ್ರೆ ಬಿಟ್ಟುಬಿಡು’ ಅಂದರೆ ಆ ಮಾತು ಕೇಳಬೇಡಿ.

ಹುಡುಕುವುದು ಹೇಗೆ? ಹೆಚ್ಚು ಕಡೆ ಸಿಗುವುದು ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎಎ. 1935ರಲ್ಲಿ ಅಮೆರಿಕದಲ್ಲಿ ಒಬ್ಬ ಷೇರು ವ್ಯವಹಾರದವನು, ಒಬ್ಬ ಡಾಕ್ಟರ್ ಸೇರಿ ಶುರು ಮಾಡಿದ್ದು. ಇಬ್ಬರೂ ಕುಡಿತದಿಂದ ಹೈರಾಣಾಗಿದ್ದವರು. ಎಎ ವೆಬ್‌ಸೈಟಿನಲ್ಲಿ ಮೀಟಿಂಗ್ ಪಟ್ಟಿ ಇರುತ್ತದೆ. ಆದರೆ ಪಟ್ಟಿಯನ್ನಷ್ಟೇ ನಂಬಿ ಹೊರಡಬೇಡಿ, ಜಾಗ, ಸಮಯ ಬದಲಾಗಿರುತ್ತವೆ. ಹೆಲ್ಪ್‌ಲೈನಿಗೆ ಫೋನ್ ಮಾಡಿ. ಬಹಳ ಸಲ ಆ ಕಡೆ ಮಾತಾಡುವವರೂ ಕುಡಿತ ಬಿಟ್ಟವರೇ ಆಗಿರುತ್ತಾರೆ. ಮೀಟಿಂಗ್ ಈಗಲೂ ನಡೆಯುತ್ತಿದೆಯಾ, ಯಾವ ಭಾಷೆಯಲ್ಲಿ, ಯಾವ ಬಾಗಿಲಿಂದ ಒಳಗೆ ಬರಬೇಕು ಅಂತ ಕೇಳಿ. ಬಾಗಿಲ ವಿಷಯ ಚಿಕ್ಕದಲ್ಲ. ಮೀಟಿಂಗ್ ನಡೆಯುವುದು ಹೆಚ್ಚಾಗಿ ಶಾಲೆ, ಚರ್ಚ್, ಆಸ್ಪತ್ರೆಯ ಯಾವುದೋ ಕೋಣೆಯಲ್ಲಿ. ಎಷ್ಟೋ ಕಡೆ ದೊಡ್ಡ ಬೋರ್ಡೂ ಇರುವುದಿಲ್ಲ. ದಾರಿ ತಪ್ಪಿದವರು ಅದನ್ನೇ ನೆಪ ಮಾಡಿಕೊಂಡು ಮನೆಗೆ ಹೊರಟುಬಿಡುತ್ತಾರೆ.

‘ಓಪನ್’ ಮೀಟಿಂಗೋ ‘ಕ್ಲೋಸ್ಡ್’ ಮೀಟಿಂಗೋ ಅಂತಲೂ ಕೇಳಿಕೊಳ್ಳಿ. ಓಪನ್ ಆದರೆ ಯಾರು ಬೇಕಾದರೂ ಬರಬಹುದು, ಜೊತೆಗೆ ಅಣ್ಣನನ್ನೋ ಗೆಳತಿಯನ್ನೋ ಕರೆತರಬಹುದು. ಕ್ಲೋಸ್ಡ್ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ಎಎ ಸೇರಲು ಬೇಕಾದ್ದು ಆ ಆಸೆ ಒಂದೇ. ಫೀಸಿಲ್ಲ. ಕೊನೆಗೆ ಇಷ್ಟ ಇದ್ದವರು ಕಾಸು ಹಾಕಲಿ ಅಂತ ಒಂದು ಡಬ್ಬಿಯೋ ಚೀಲವೋ ಕೈಯಿಂದ ಕೈಗೆ ಬರುತ್ತದೆ. ಹೊಸಬರು ಸುಮ್ನೆ ಮುಂದಕ್ಕೆ ದಾಟಿಸಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಹತ್ತು ನಿಮಿಷ ಮುಂಚೆ ಬನ್ನಿ. ಶುರುವಾದ ಮೇಲೆ ಬಂದರೆ ಎಲ್ಲರೂ ನಿಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ಮುಂಚೆ ಬಂದರೆ ನನ್ನಂಥ ಒಬ್ಬರ ಮುಖ ಪರಿಚಯವಾಗುತ್ತದೆ. ‘ಇದೇ ಮೊದಲು’ ಅಂದರೆ ಸಾಕು.

ಒಳಗೆ ಒಂದು, ಒಂದೂವರೆ ಗಂಟೆ. ಯಾರೋ ಏನನ್ನಾದರೂ ಓದುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ. ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಿಮ್ಮ ಸರದಿ ಬಂದರೆ ‘ಇವತ್ತು ಕೇಳಿಸಿಕೊಳ್ಳುತ್ತೇನೆ’ ಅನ್ನಿ. ‘ನಾನು ಕುಡುಕ’ ಅಂತ ಹೇಳಲೇಬೇಕು ಅಂತಿಲ್ಲ. ಆ ದಿನ ಕುಡಿದಿದ್ದರೂ ಬನ್ನಿ, ಗಲಾಟೆ ಮಾಡದೆ ಕೂತು ಕೇಳಿ. ವಾಹನ ಮಾತ್ರ ಓಡಿಸಬೇಡಿ.

ದೇವರ ಮಾತು ಬರುತ್ತದೆ. ಕುಡಿತದಿಂದ ಹೊರಬರಲು ಎಎ ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ಅದಿದೆ, ಆದರೆ ‘ನಾವು ಅರ್ಥ ಮಾಡಿಕೊಂಡಂತೆ’ ಅನ್ನುವ ಮಾತೂ ಜೊತೆಗಿದೆ. ನಂಬಿಕೆ ಇಲ್ಲದ ಎಷ್ಟೋ ಜನ ಆ ಗ್ರೂಪನ್ನೇ ತಮಗಿಂತ ದೊಡ್ಡ ಶಕ್ತಿ ಅಂದುಕೊಂಡು ಮುಂದುವರಿಯುತ್ತಾರೆ. ಅದೂ ಒಗ್ಗದಿದ್ದರೆ 1994ರಲ್ಲಿ ಶುರುವಾದ ಸ್ಮಾರ್ಟ್ ರಿಕವರಿ ಇದೆ. ಅಲ್ಲಿ ದೇವರಿಲ್ಲ, ಯೋಚನೆ ಮತ್ತು ಅಭ್ಯಾಸ ತಿದ್ದಿಕೊಳ್ಳುವ ಪಾಠಗಳಿವೆ. ಎರಡೂ ಆನ್‌ಲೈನಿನಲ್ಲಿಯೂ ನಡೆಯುತ್ತವೆ.

ಎಲ್ಲ ಗ್ರೂಪೂ ಒಂದೇ ಥರ ಇರುವುದಿಲ್ಲ. ಒಂದು ಸರಿಬರದಿದ್ದರೆ ಬೇರೆ ದಿನದ್ದು, ಬೇರೆ ಜಾಗದ್ದು ನೋಡಿ. ಒಂದೇ ಸಲಕ್ಕೆ ತೀರ್ಮಾನ ಬೇಡ.

ಎಚ್ಚರಿಕೆಯ ಮಾತನ್ನೂ ಬಿಡಿಸಿ ಹೇಳಬೇಕು. ಬಂದವರೆಲ್ಲ ಒಳ್ಳೆಯವರೇ ಆಗಿರಬೇಕಿಲ್ಲ. ‘ಇಲ್ಲಿ ಕೇಳಿದ್ದು ಇಲ್ಲೇ ಇರಲಿ’ ಅನ್ನುವುದು ನಮ್ಮ ಪದ್ಧತಿ, ಕಾನೂನಿನ ರಕ್ಷಣೆ ಅಲ್ಲ. ಕೋರ್ಟು ಕಚೇರಿಯ ವಿಷಯ ಇದ್ದರೆ ವಕೀಲರ ಹತ್ತಿರ ಹೇಳಿಕೊಳ್ಳಿ. ಮೊದಲ ದಿನಗಳಲ್ಲಿ ಮನೆ ವಿಳಾಸ ಕೊಡಬೇಡಿ, ಸಾಲ ಕೊಡಬೇಡಿ. ದಾರಿ ತೋರಿಸುವ ಹಳಬರಿಗೆ ಸ್ಪಾನ್ಸರ್ ಅನ್ನುತ್ತಾರೆ. ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು ಸ್ಪಾನ್ಸರ್ ಆಗಲಿ ಅನ್ನುವುದು ಹಳೆಯ ರೂಢಿ, ಅದು ಸರಿಯಾದದ್ದೇ. ಹೊಸದಾಗಿ ಬಂದವರ ಮನಸ್ಸು ತುಂಬಾ ಹಸಿಯಾಗಿರುತ್ತದೆ. ಯಾರಾದರೂ ಹಿಂದೆ ಬಿದ್ದರೆ ಮೀಟಿಂಗ್ ನಡೆಸುವವರಿಗೆ ನೇರವಾಗಿ ಹೇಳಿ. ಬರೀ ಹೆಂಗಸರ ಮೀಟಿಂಗ್ ಇದೆಯಾ ಅಂತಲೂ ವಿಚಾರಿಸಿ.

ಹೊರಡುವ ಮುಂಚೆ ಎರಡು ಮೂರು ಜನರ ನಂಬರ್ ಇಸ್ಕೊಳ್ಳಿ. ಬರೆದಿಟ್ಟುಕೊಂಡರೆ ಸಾಲದು, ಎಲ್ಲ ಸರಿ ಇರುವ ದಿನವೇ ಒಂದು ಸಲ ಮಾತಾಡಿ. ಆಗ ಕುಡಿಯಬೇಕು ಅನ್ನಿಸಿದ ಹೊತ್ತಿನಲ್ಲಿ ಫೋನ್ ಮಾಡಲು ಕೈ ಹಿಂಜರಿಯುವುದಿಲ್ಲ. ಮತ್ತೆ ಕುಡಿದಿರೋ, ಆಗಲೂ ಅದೇ ನಂಬರಿಗೆ ಫೋನ್ ಮಾಡಿ.

ಕುಡಿಯುವವರು ಬರಲೊಲ್ಲೆ ಅಂದರೂ ಮನೆಯವರು ಕೈಕಟ್ಟಿ ಕೂರಬೇಕಿಲ್ಲ. ಅವರಿಗಾಗಿಯೇ 1951ರಿಂದ ಅಲ್-ಅನಾನ್ ಇದೆ. ಹೆಂಡತಿ, ಗಂಡ, ತಾಯಿ, ಮಕ್ಕಳು ಯಾರು ಬೇಕಾದರೂ ತಮ್ಮಷ್ಟಕ್ಕೆ ತಾವೇ ಹೋಗಬಹುದು. ಅದನ್ನು ಹುಡುಕುವ ದಾರಿಯೂ ಇದೇ: ಪಟ್ಟಿ ನೋಡಿ, ಫೋನ್ ಮಾಡಿ, ಬಾಗಿಲು ಕೇಳಿಕೊಳ್ಳಿ.