ಗಟಾರದೊಳಗಿನ ನಳದ ಪೈಪು

ಧಾರವಾಡದ ನಮ್ಮ ಮನೆಯ ನಳದಲ್ಲಿ ಮಲಪ್ರಭೆಯ ನೀರು ಬಿಟ್ಟೊಡನೆ ಮೊದಲ ನಾಲ್ಕಾರು ಕೊಡಗಳಿಗೆ ಕೊಳಚೆಯ ವಾಸನೆ ಇರುತ್ತಿತ್ತು. ಟಾಕಿ ತೊಳೆಸಿದ್ದು ವ್ಯರ್ಥವಾಯಿತು. ಅಗೆಸಿ ನೋಡಿದಾಗ, ಹಳೆಯ ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಗಟಾರದೊಳಗಿಂದಲೇ ಹಾದುಹೋಗಿತ್ತು. ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಎರೆಮಣ್ಣಿನ ಎಳೆತಕ್ಕೆ ಜೋಡಣೆ ಸಡಿಲಗೊಂಡು, ಸರಬರಾಜು ನಿಂತಾಗ ಹೊಲಸು ನೀರು ಒಳಗೆ ಇಳಿಯುತ್ತಿತ್ತು. ರಸ್ತೆ ಅಗೆಯಲು ಪಾಲಿಕೆಯ ಅನುಮತಿ ಪಡೆದು, ಪರವಾನಗಿಯುಳ್ಳ ಪ್ಲಂಬರ್‌ರಿಂದ ಮುಖ್ಯ ಕೊಳವೆಗೆ ಹೊಸ ಸ್ಯಾಡಲ್ (ಕೊಳವೆಯನ್ನು ಸುತ್ತಿ ಹಿಡಿಯುವ ಪಟ್ಟಿ) ಮತ್ತು ಫೆರುಲ್ (ಅದರಿಂದ ಮನೆಗೆ ನೀರು ತೆಗೆಯುವ ಸಣ್ಣ ಜೋಡಣೆ) ಕೂಡಿಸಿ, ಅಲ್ಲಿಂದ ಮೀಟರಿನವರೆಗೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪೈಪನ್ನು ನಡುವೆ ಜೋಡಣೆಯಿಲ್ಲದೆ ಒಂದೇ ತುಂಡಾಗಿ, ಗಟಾರ ದಾಟುವಲ್ಲಿ ರಕ್ಷಣೆಗೆಂದು ಹಾಕುವ ದೊಡ್ಡ ಕೇಸಿಂಗ್ ಪೈಪಿನೊಳಗೆ, ಸುತ್ತಲೂ ಉಸುಕು ತುಂಬಿಸಿ ಹಾಕಿಸಿದೆ. ನಳಕ್ಕೆ ನೇರವಾಗಿ ಮೋಟಾರು ಕೂಡಿಸುವುದು ನಿಯಮಬಾಹಿರ. ಅದು ಸೋರುವ ಜೋಡಣೆಯಿಂದ ಹೊಲಸನ್ನೇ ಎಳೆಯುತ್ತದೆ. ನಮ್ಮದೂ ಒಂದಿತ್ತೆಂದು ನಾಚುತ್ತಲೇ ಒಪ್ಪಿಕೊಂಡು, ಅದನ್ನು ನೆಲದ ಟಾಕಿಗೆ ಸರಿಸಿದೆ.